ಬೋಳು ಟಯರಿನ ಕಾರು

ಮೂವತ್ತನಾಲ್ಕು ವರ್ಷ ಸಂಪಾಜೆ ಘಾಟಿಯಲ್ಲಿ ಜೀಪು ಓಡಿಸಿದರೂ ಒಂದು ದಿನವೂ ಗಾಡಿ ಜಾರಲಿಲ್ಲವೆಂಬುದು ಕಲ್ಲುಗುಂಡಿಯ ಮೂಸಕುಂಞಿಯವರ ಹೆಮ್ಮೆ. ಜೀಪು ಮಾರಿ ನಾಲ್ಕು ವರ್ಷವಾಯಿತು. ಆದರೂ ಬಸ್ಸು ಹತ್ತುವ ಮೊದಲು ಬಗ್ಗಿ ಅದರ ಟಯರು ನೋಡುತ್ತಾರೆ. ಸವೆದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಾರೆ. ಈ ಕಾರಣಕ್ಕೆ ಒಂದೆರಡು ಮದುವೆಯ ಬಿರಿಯಾನಿಯೂ ತಪ್ಪಿಹೋಗಿದೆ.

ಮೊಮ್ಮಗಳು ಸುಹಾನಾಳಿಗೆ ಡ್ರಿಫ್ಟ್ ಕಾರು ಬೇಕಿತ್ತು. ರಿಮೋಟ್ ಒತ್ತಿದರೆ ನೆಲದ ಮೇಲೆ ಅಡ್ಡಡ್ಡ ಜಾರಿಕೊಂಡು ತಿರುಗುವಂಥದ್ದು. ದೋಹಾದ ಸೂಪರ್ ಮಾರ್ಕೆಟಿನಲ್ಲಿ ಕೆಲಸ ಮಾಡುವ ಅವಳ ಅಪ್ಪ ಆಶಿಕ್, ಅಲ್ಲಿಂದಲೇ ಕಳಿಸುತ್ತೇನೆ ಎಂದ. ಮೂಸಕುಂಞಿ ತಮ್ಮ ಮಗಳು ಮುನೀರಾಳ ಕೈಯಿಂದ ಫೋನು ತೆಗೆದುಕೊಂಡರು.

“ಗಾಡಿ ಆರಿಸ್ಲಿಕ್ಕೆ ನಾನಿಲ್ವಾ? ನೀನು ಅಲ್ಲಿ ಏಸಿಯಲ್ಲಿ ಕೂತು ಎಂತ ಆರಿಸುದು?”

“ಆಯ್ತು ಮಾಮ. ಶುಕ್ರವಾರ ವೀಡಿಯೊ ಕಾಲಲ್ಲಿ ಓಡಿಸಿ ತೋರಿಸಿ. ಸರಿಯಾಗದಿದ್ರೆ ನಾನು ಕಳಿಸ್ತೇನೆ.”

ಆ ಕೊನೆಯ ಮಾತು ಎರಡು ದಿನ ಅವರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು. ಘಾಟಿಯ ಡ್ರೈವರ್ ಆರಿಸಿದ ಗಾಡಿಯನ್ನು ಸೂಪರ್ ಮಾರ್ಕೆಟಿನ ಕ್ಯಾಶಿಯರ್ ಪಾಸು ಮಾಡಬೇಕಂತೆ.

ಗುರುವಾರ ಪುತ್ತೂರಿಗೆ ಹೋದರು. ಆಟಿಕೆ ಅಂಗಡಿಯ ಭವಿತ್ ಐದಾರು ಕಾರು ಇಳಿಸಿದ. ಮೂಸಕುಂಞಿ ಒಂದೊಂದನ್ನೂ ಮಗುಚಿ ಹೊಟ್ಟೆ ನೋಡಿದರು, ಚಕ್ರ ಅಲ್ಲಾಡಿಸಿದರು. ಕೊನೆಗೆ ಒಂದು ಕೆಂಪು ಕಾರು ಒಪ್ಪಿಗೆಯಾಯಿತು. ಅದರ ಟಯರಿನ ಮೇಲೆ ಆಡಿಸಿದ ಹೆಬ್ಬೆರಳು ಅಲ್ಲೇ ನಿಂತಿತು. ಗಟ್ಟಿ ಪ್ಲಾಸ್ಟಿಕ್ಕು, ಒಂದು ಗೀರೂ ಇಲ್ಲ.

“ಇದೆಂತ ಮಾರಾಯ, ಹೊಸ ಗಾಡಿಗೆ ಬೋಳು ಟಯರು?”

“ಅದು ಹಾಗೇ ಕಾಕ. ಜಾರ್ಲಿಕ್ಕೇ ಮಾಡಿದ್ದು.”

“ಜಾರ್ಲಿಕ್ಕೆ ಟಯರು ಎಂತಕ್ಕೆ? ಬಾಳೆಹಣ್ಣಿನ ಸಿಪ್ಪೆ ಸಾಕಲ್ಲ. ಕಚ್ಚುವ ರಬ್ಬರಿಂದು ಉಂಟಾ?”

ಭವಿತ್ ಎರಡು ಸಲ ತಿಳಿಹೇಳಿದ. ಮೂರನೆಯ ಸಲಕ್ಕೆ ಘಾಟಿಯ ಕಥೆ ಶುರುವಾಗುವ ಸೂಚನೆ ಕಂಡು ಸುಮ್ಮನೆ ರಬ್ಬರ್ ಟಯರು ಹಾಕಿಕೊಟ್ಟ. ಬೋಳು ಟಯರುಗಳನ್ನು ಮೂಸಕುಂಞಿ ಮುಟ್ಟಲೂ ಇಲ್ಲ. ಅವು ಕೌಂಟರಿನ ಮೇಲೇ ಉಳಿದವು.

ಸಂಜೆ ಸುಹಾನಾ ಚಾವಡಿಯ ನುಣ್ಣನೆ ನೆಲದಲ್ಲಿ ಕಾರು ಬಿಟ್ಟಳು. ವೇಗ ಹಿಡಿದು ತಿರುಗಿಸಿದ ಕೂಡಲೇ ಅದು ನೆಲವನ್ನು ಕಚ್ಚಿ, ಜಾರುವ ಬದಲು ಪಲ್ಟಿಯಾಯಿತು. ಇನ್ನೊಮ್ಮೆ ಬಿಟ್ಟಳು. ಇನ್ನೊಂದು ಪಲ್ಟಿ. ಅವಳು ಕಾರನ್ನೆತ್ತಿ ಟಯರು ಮುಟ್ಟಿ ನೋಡಿದಳು.

“ಒಳ್ಳೆ ಗಾಡಿ, ಉಪ್ಪಾಪ.”

ಬೈದಿದ್ದರೆ ಅಜ್ಜನಿಗೆ ಇಷ್ಟು ನೋಯುತ್ತಿರಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತ ಜೀಪುಗಳ ಮಾಲೀಕರಿಗೆ ಅವರೇ ಎಷ್ಟೋ ಸಲ ಇದೇ ದನಿಯಲ್ಲಿ ಹೀಗೆ ಹೇಳಿದ್ದುಂಟು.

“ಟಯರು ಸರಿ ಇಲ್ವಾ?”

“ಡ್ರಿಫ್ಟ್ ಅಂದ್ರೆ ಬೇಕೂಂತ್ಲೇ ಜಾರುದು ಉಪ್ಪಾಪ. ಜಾರುವಾಗ್ಲೂ ಗಾಡಿ ನಮ್ಮ ಕೈಯಲ್ಲೇ ಇರ್ಬೇಕು.”

ಅಡುಗೆಮನೆಯಿಂದ ಮುನೀರಾ ಕೇಳಿದಳು, “ಉಪ್ಪ, ನಾಳೆ ನೆಟ್‌ವರ್ಕ್ ಇಲ್ಲ ಅಂತ ಹೇಳ್ಲಾ?”

ಮೂಸಕುಂಞಿ ಕಾರನ್ನು ಮಗುಚಿ ಮತ್ತೊಮ್ಮೆ ಟಯರಿನ ಮೇಲೆ ಹೆಬ್ಬೆರಳು ಆಡಿಸಿದರು.

ಶುಕ್ರವಾರ ಬೆಳಿಗ್ಗೆ ಸುಹಾನಾ ಶಾಲೆಗೆ ಹೋದ ಮೇಲೆ, ಬಚ್ಚಲಿನ ಹಿಂದೆ ಬಿದ್ದಿದ್ದ ಪಿವಿಸಿ ಪೈಪಿನ ತುಂಡೊಂದು ಅವರ ಕಣ್ಣಿಗೆ ಬಿತ್ತು. ಅಷ್ಟು ನುಣುಪಾದ ವಸ್ತು ಮನೆಯಲ್ಲಿ ಇನ್ನೊಂದಿರಲಿಲ್ಲ. ಗರಗಸದಿಂದ ನಾಲ್ಕು ಬಳೆ ಕೊಯ್ದರು, ಅಂಚು ಉಜ್ಜಿದರು, ರಬ್ಬರಿನ ಮೇಲೆ ಒತ್ತಿ ಕೂರಿಸಿದರು. ತಮ್ಮ ಕೈಯಾರೆ ಗಾಡಿಗೆ ಬೋಳು ಟಯರು ಹಾಕುತ್ತಿರುವುದನ್ನು ಯಾರಾದರೂ ನೋಡಿಯಾರೆಂದು ನಡುನಡುವೆ ರಸ್ತೆಯ ಕಡೆ ಕಣ್ಣು ಹಾಯಿಸಿದರು.

ಚಾವಡಿಯಲ್ಲಿ ಕಾರು ಬಿಟ್ಟರು. ಕುರ್ಚಿಯ ಬಳಿ ತಿರುವು ತೆಗೆದಾಗ ಹಿಡಿತ ತಪ್ಪಿ ಹಿಂಬದಿ ಅಡ್ಡಕ್ಕೆ ಸರಿಯಿತು. ಮೂವತ್ತನಾಲ್ಕು ವರ್ಷ ಜಾರದ ಮೂಸಕುಂಞಿಯವರ ಗಾಡಿ ಮೊದಲ ಬಾರಿಗೆ ಜಾರಿತು. ಅವರು ಯೋಚಿಸುವ ಮೊದಲೇ ಬೆರಳು ರಿಮೋಟಿನ ಸ್ಟೇರಿಂಗನ್ನು ಜಾರಿದ ಕಡೆಗೇ ತಿರುಗಿಸಿತ್ತು. ಎಂದಾದರೂ ಬೇಕಾದೀತೆಂದು ಇಷ್ಟು ಕಾಲ ಕೈಯಲ್ಲಿ ಮಡಚಿಟ್ಟುಕೊಂಡಿದ್ದ ವಿದ್ಯೆ. ಕಾರು ಕುರ್ಚಿಯ ಕಾಲನ್ನು ಸವರಿಕೊಂಡು, ನಾಚಿದ ಹಾಗೆ ಬಾಗಿ, ನೆಟ್ಟಗಾಯಿತು. ಅವರು ಇನ್ನೊಂದು ಕುರ್ಚಿ ತಂದಿಟ್ಟರು.

ಸಂಜೆ ಮೂಸಕುಂಞಿ ಎರಡು ಕುರ್ಚಿಗಳ ನಡುವೆ ಕಾರನ್ನು ಜಾರಿಸುವುದನ್ನು ಆಶಿಕ್ ಫೋನಿನಲ್ಲಿ ನೋಡಿದ.

“ಮಾಮ, ಟಯರು ಯಾವ ಕಂಪೆನಿದು?”

“ನಮ್ಮ ಬಚ್ಚಲಿಂದು,” ಎಂದಳು ಮುನೀರಾ.

“ಹಾಗಾದ್ರೆ ನಾನು ಕಳಿಸುದು ಬೇಡ. ಸುಹಾನಾ, ನೀನೊಮ್ಮೆ ಓಡಿಸು.”

ಸುಹಾನಾ ಆಗಲೇ ರಿಮೋಟಿಗೆ ಕೈ ಚಾಚಿ ಕೂತಿದ್ದಳು.

“ಕೊಡ್ತೇನೆ ಮೋಳೆ,” ಎಂದರು ಮೂಸಕುಂಞಿ ಮೊಮ್ಮಗಳಿಗೆ, ಕಣ್ಣೆತ್ತದೆ. “ಈಗ ಇಳಿಜಾರಲ್ಲಿದ್ದೇನೆ. ನಡುವಲ್ಲಿ ಡ್ರೈವರನ್ನು ಬದಲಿಸ್ಲಿಕ್ಕಿಲ್ಲ.”