ನೋಡದ ಹೆಬ್ಬೆಟ್ಟು

ಕುಡಚಿಯ ಬ್ಯಾಂಕಿನ ಮೆಟ್ಟಿಲ ಪಕ್ಕ ಹಸನಸಾಬ ಹತ್ತೊಂಬತ್ತು ವರ್ಷ ಕೂತ. ಬ್ಯಾಂಕಿನವರು ಅವನಿಗೆ ಸಂಬಳ ಕೊಟ್ಟವರಲ್ಲ, ಕುರ್ಚಿ ಕೊಟ್ಟವರೂ ಅಲ್ಲ. ಕುರ್ಚಿಯನ್ನು ಮನೆಯಿಂದಲೇ ತಂದಿದ್ದ. ಓದುಬರಹ ಬಾರದವರಿಗೆ ಹಣ ತೆಗೆಯುವ ಚೀಟಿ ತುಂಬಿಕೊಡುವುದು ಅವನ ಕೆಲಸ. ಅವರು ಹೆಬ್ಬೆಟ್ಟು ಒತ್ತಿದ ಮೇಲೆ, ಒತ್ತಿದ್ದನ್ನು ಕಣ್ಣಾರೆ ಕಂಡೆ ಎನ್ನಲು ಒಬ್ಬ ಸಾಕ್ಷಿಯ ಸಹಿ ಬೇಕಲ್ಲ, ಅದೂ ಅವನದೇ. ಕೊಟ್ಟರೆ ಐದು ರೂಪಾಯಿ, ಇಲ್ಲದಿದ್ದರೆ ಒಂದು ಕಪ್ ಚಹಾ, ಅದೂ ಇಲ್ಲದಿದ್ದರೆ ಒಂದು ದುವಾ, ಬರೀ ಹಾರೈಕೆ.

ಆ ಸಹಿಯ ಮೇಲೆ ಅವನಿಗೆ ಭಾರೀ ಅಭಿಮಾನ. ಓದಿದ್ದು ಏಳನೇ ಇಯತ್ತೆ, ಸಹಿಯ ಗತ್ತು ಮಾತ್ರ ಜಿಲ್ಲಾಧಿಕಾರಿಯದು. ಕೊನೆಯ ಬಕಾರದ ಬಾಲ ಎಳೆದು, ತಿರುವಿ, ಕೆಳಗೆ ಎರಡು ಚುಕ್ಕಿ ಇಟ್ಟು, ತಾನೇ ಒಂದು ಗಳಿಗೆ ನೋಡಿ ಆಮೇಲೆ ಚೀಟಿ ಕೈಬಿಡುತ್ತಿದ್ದ. ಸಾಲಿನಲ್ಲಿ ನಿಂತವರು ಎಷ್ಟು ಗೊಣಗಿದರೂ ಚುಕ್ಕಿ ತಪ್ಪುತ್ತಿರಲಿಲ್ಲ.

ಅಷ್ಟೇ ಪ್ರೀತಿಯಿಂದ ಹೆಬ್ಬೆಟ್ಟುಗಳನ್ನೂ ನೋಡುತ್ತಿದ್ದ, ಅದನ್ನೂ ಹೇಳಬೇಕು. ಇಟ್ಟಂಗಿ ಹೊರುವವರದು ಸವೆದು ನುಣುಪಾಗಿರುತ್ತದೆ, ಎರಡೆರಡು ಸಲ ಒತ್ತಿಸಬೇಕು. ಕೌದಿ ಹೊಲಿಯುವ ಬೇಗಂಬಿಯದು ದೂರದಿಂದಲೇ ಗುರುತು ಸಿಗುವಂಥದ್ದು. ಎಂದೋ ಕತ್ತರಿ ತಾಗಿದ ಗಾಯದಿಂದ ಒತ್ತಿದಲ್ಲೆಲ್ಲ ಅಡ್ಡಕ್ಕೆ ಒಂದು ಬಿಳಿ ಗೆರೆ ಉಳಿಯುತ್ತಿತ್ತು. ಗಂಡ ಹೋದ ಮೇಲೆ ಹನ್ನೊಂದು ವರ್ಷ ಹೊಲಿದು, ಮೆಕ್ಕಾದ ಉಮ್ರಾ ಯಾತ್ರೆಗೆ ಹೋಗಬೇಕೆಂದು ಕೂಡಿಸುತ್ತ ಬಂದವಳು ಆಕೆ. ಹಣ ಕಟ್ಟಲು ಬರುತ್ತಿದ್ದಳೇ ಹೊರತು ತೆಗೆಯಲು ಬಂದದ್ದು ಅಪರೂಪ.

ಎರಡು ವರ್ಷದ ಹಿಂದೆ ಜ್ಞಾನದೇವ ಎಂಬ ಹೊಸ ಕ್ಲರ್ಕ್ ಬಂದ. ಬಾಯಿ ತುಂಬ ಚಾಚಾ ಎನ್ನುವವನು. ಒಂದು ಶುಕ್ರವಾರ ಹಸನಸಾಬ ನಮಾಜಿಗೆ ಏಳುವ ಹೊತ್ತಿಗೆ ಚಹಾ ತಂದುಕೊಟ್ಟು, ಖಾಲಿ ಚೀಟಿಗಳ ಕಟ್ಟು ಮುಂದಿಟ್ಟ.

"ಚಾಚಾ, ನೀವು ಮಸೂತಿಗೆ ಹೋದ್ರ ಮಂದಿ ಬಿಸಿಲಾಗ ಕಾಯ್ತಾರ್ರಿ. ಸಾಕ್ಷಿ ಸಹಿ ಮಾಡಿಟ್ಟು ಹೋಗ್ರಿ, ಹೆಬ್ಬೆಟ್ಟು ನಾ ಒತ್ತಿಸ್ಕೋತೀನಿ."

ಮಂದಿಗೆ ತ್ರಾಸ ಆಗಬಾರದೆಂದು ಮಾಡಿದ. ಖರೆ ಹೇಳಬೇಕೆಂದರೆ, ಬ್ಯಾಂಕಿನ ಒಳಗಿನವನೊಬ್ಬ ತನ್ನ ಸಹಿಯನ್ನು ಕೇಳಿ ಪಡೆಯುತ್ತಿದ್ದಾನೆ ಎಂಬ ಹಿಗ್ಗೂ ಇತ್ತು. ಚಹಾ ಆರುವಷ್ಟರಲ್ಲಿ ಮುಗಿಸಿದ, ಚುಕ್ಕಿಗಳ ಸಮೇತ. ಮುಂದಿನ ಶುಕ್ರವಾರಗಳಲ್ಲಿ ಕೇಳುವ ಮೊದಲೇ ಮಾಡಿಡತೊಡಗಿದ.

ಈ ವರ್ಷ ಉಮ್ರಾದ ಏಜಂಟನಿಗೆ ಕೊಡಲೆಂದು ಬೇಗಂಬಿ ಹಣ ತೆಗೆಯಲು ಬಂದಳು. ಖಾತೆ ಬರಿದಾಗಿತ್ತು. ಮ್ಯಾನೇಜರು ಹಳೆಯ ಚೀಟಿ ನಾಲ್ಕು ತೆಗೆಸಿ, ಹೆಬ್ಬೆಟ್ಟು ಐತಿ, ಸಾಕ್ಷಿ ಐತಿ, ನೀವೇ ತಗೊಂಡು ಮರ್ತೀರಿ ಎಂದುಬಿಟ್ಟರು. ಅವಳು ಅವುಗಳ ನಕಲು ಹಿಡಿದು ಹಸನಸಾಬನ ಹತ್ತಿರ ಬಂದಳು.

"ನಿಮ್ಮ ಸಹಿ ಐತಂತ, ಹಸನಭಾಯ್. ನೀವ ಕಂಡೀರಿ ಅಂದಮ್ಯಾಲೆ ನಾನ ತಗೊಂಡಿರಬೇಕು. ನನಗರ ನೆನಪಿಲ್ಲ."

ಅವಳ ದನಿಯಲ್ಲಿ ಸಂಶಯ ಒಂದಿಷ್ಟೂ ಇರಲಿಲ್ಲ. ಚೀಟಿಯ ಮೇಲಿನ ಹೆಬ್ಬೆಟ್ಟು ದಪ್ಪಗೆ, ದುಂಡಗೆ, ಇಡಿಯಾಗಿತ್ತು. ಬಿಳಿ ಗೆರೆ ಇರಲಿಲ್ಲ. ಪಕ್ಕದಲ್ಲಿ ಬಾಲ ತಿರುವಿದ ಬಕಾರ, ಎರಡು ಚುಕ್ಕಿ.

ಅಂದಿನಿಂದ ಆ ಹೆಬ್ಬೆಟ್ಟು ಅವನ ಬೆನ್ನು ಬಿಡಲಿಲ್ಲ. ತಾಟಿನಲ್ಲಿ ರೊಟ್ಟಿ ಬಿದ್ದರೆ ಅದರ ಸುಟ್ಟ ಕಲೆಯಲ್ಲಿ ಅದೇ. ನಮಾಜಿಗೆ ಹಣೆ ಬಾಗಿಸಿದರೆ ಚಾಪೆಯ ಮೇಲೆ ಅದೇ. ಝೂಟಿ ಗವಾಹಿ, ಸುಳ್ಳು ಸಾಕ್ಷಿ, ಎಂಥ ದೊಡ್ಡ ಪಾಪ ಎಂದು ಮಸೂತಿಯಲ್ಲಿ ಹೇಳಿದಾಗೆಲ್ಲ ಎಲ್ಲರಿಗಿಂತ ಜೋರಾಗಿ ತಲೆದೂಗಿದ ಮನುಷ್ಯ ಈತ. ಕಾಣದ್ದನ್ನು ಕಂಡೆನೆಂದು ಬರೆದುಕೊಟ್ಟಿದ್ದ, ಅದೂ ಚೆಂದದ ಅಕ್ಷರದಲ್ಲಿ.

ಇನ್ನೂ ಇಬ್ಬರ ಖಾತೆಯಲ್ಲಿ ಹಣ ಕಡಿಮೆ ಬಿದ್ದ ದೂರು ಮೇಲೆ ಹೋಗಿ, ತನಿಖೆಗೆ ಹೆಡ್ ಆಫೀಸಿನಿಂದ ಒಬ್ಬ ಮೇಡಮ್ಮು ಬರುವುದೆಂದಾಯಿತು. ಹಿಂದಿನ ದಿನ ಹೆಂಡತಿ ಮುಬೀನಾ ಅವನ ಮುಂದೆ ಕೂತು ಅತ್ತಳು.

"ಸಹಿ ನಂದಲ್ಲ ಅಂದುಬಿಡ್ರಿ. ಪೊಲೀಸ್ರು ನಿಮ್ಮನ್ನೂ ಒಯ್ದ್ರ ನಾ ಏನ ಮಾಡ್ಲಿ?"

ಅವನಿಗೂ ಅದೇ ಭಯ. ಆದರೆ ಅಲ್ಲವೆಂದರೆ ಸಹಿ ಪರೀಕ್ಷೆಗೆ ಹೋಗುತ್ತದೆ, ಅವನದೇ ಎಂದು ತೀರ್ಮಾನ ಬರುತ್ತದೆ. ಆಗ ಸಾಕ್ಷಿ ಗಟ್ಟಿಯಾಯಿತೆಂದು ಹೆಬ್ಬೆಟ್ಟನ್ನು ಯಾರೂ ಪರೀಕ್ಷಿಸುವುದಿಲ್ಲ, ಹಣ ಬೇಗಂಬಿಯೇ ಒಯ್ದಳೆಂದು ಬ್ಯಾಂಕು ಕೈತೊಳೆದುಕೊಳ್ಳುತ್ತದೆ. ಅವಳ ಹನ್ನೊಂದು ವರ್ಷ ಈಗ ಅವನ ಬಾಯಿಯ ಒಂದು ಮಾತಿನ ಮೇಲೆ ನಿಂತಿತ್ತು.

"ಸಹಿ ನಿಮ್ಮದೇ ಏನು?" ಮೇಡಮ್ಮು ಕೇಳಿದರು.

"ನಂದ ರೀ."

"ಹೆಬ್ಬೆಟ್ಟು ಒತ್ತಿದ್ದನ್ನ ನೀವು ನೋಡಿದ್ರಾ?"

ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವನನ್ನು ಈ ಮಾತು ಕೇಳಿರಲಿಲ್ಲ. ಬಾಗಿಲ ಹತ್ತಿರ ಬೆಂಚಿನ ಮೇಲೆ ಬೇಗಂಬಿ ಕೂತಿದ್ದಳು.

"ಇಲ್ರಿ. ಖಾಲಿ ಚೀಟಿ ಮ್ಯಾಲೆ ಮಾಡಿಕೊಟ್ಟೀನ್ರಿ."

"ಎಷ್ಟು ಚೀಟಿ?"

ಹಸನಸಾಬ ಬೆರಳು ಮಡಚತೊಡಗಿದ. ಶುಕ್ರವಾರಗಳನ್ನು ನೆನೆದ, ಚಹಾ ನೆನೆದ. ಎಣಿಸಿರಲಿಲ್ಲ.

ಜ್ಞಾನದೇವ ಸಿಕ್ಕಿಬಿದ್ದ. ಬಹಳ ದಿನ ಹಣ ತೆಗೆಯದವರ ಖಾತೆ ಹುಡುಕಿ, ಸುದ್ದಿ ಹೋಗದಂತೆ ಅವರ ಮೊಬೈಲ್ ನಂಬರ್ ಬದಲಿಸಿ, ತನ್ನದೇ ಹೆಬ್ಬೆಟ್ಟು ಒತ್ತುತ್ತಿದ್ದ. ಬೇಗಂಬಿಯ ಹಣ ಮರಳಿ ಬಂತು. ಹಸನಸಾಬನ ಹೆಸರು ಪೊಲೀಸರ ಕಾಗದದಲ್ಲಿ ಸೇರಿತು, ಕುರ್ಚಿ ಮನೆಗೆ ಬಂತು. ಅವನ ಸಹಿಯ ಸುಳ್ಳು ಚೀಟಿ ಇಲ್ಲಿಯವರೆಗೆ ಒಂಬತ್ತು ಸಿಕ್ಕಿವೆ. ಈಗಲೂ ದಿನಾ ಬ್ಯಾಂಕಿನ ಗೇಟಿಗೆ ಹೋಗಿ ನಿಲ್ಲುತ್ತಾನೆ. ಬೆರಳಿಗೆ ಶಾಯಿ ಹತ್ತಿದವರು ಯಾರೇ ಹೊರಬರಲಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ ಓದಿಸಿಕೊಳ್ಳಿ ಎಂದು ಗೋಗರೆಯುತ್ತಾನೆ. ಕೆಲವರು ಮಾಡಿಸುತ್ತಾರೆ. ಕೆಲವರು ಅವನ ಮುಖ ನೋಡಿ ದಾಟಿಹೋಗುತ್ತಾರೆ.

ಉಮ್ರಾಕ್ಕೆ ಹೊರಡುವವರು ಓಣಿಯ ಮನೆಮನೆಗೂ ಹೋಗಿ ಮಾಫಿ ಕೇಳಿ ಹೊರಡುವುದು ವಾಡಿಕೆ. ಹೊರಡುವ ಮುನ್ನಾದಿನ ಬೇಗಂಬಿ ಅವನ ಹೊಸ್ತಿಲಿಗೂ ಬಂದಳು.

"ನಾ ಏನರ ಅಂದಿದ್ರ, ಮನಸ್ಸಿಗೆ ನೋವ ಮಾಡಿದ್ರ ಮಾಫ ಮಾಡ್ರಿ, ಹಸನಭಾಯ್."

ಅವನಿಗೆ ಕಣ್ಣು ತುಂಬಿ ಅವಳ ಮುಖವೇ ಕಾಣಲಿಲ್ಲ.

"ಆಪಾ, ಕೇಳಬೇಕಾದಾಂವ ನಾ."

"ನೀವು ಖರೆ ಹೇಳಿದ್ರಲ್ಲ, ನಾ ಅವತ್ತ ಮಾಫ ಮಾಡೇನಿ. ಅಲ್ಲಿ ಹೋಗಿ ನಿಮ್ಮ ಸಲವಾಗಿ ಏನ ಬೇಡ್ಕೋಲಿ, ಅದನ್ನ ಹೇಳ್ರಿ."

ಹಸನಸಾಬ ತನ್ನ ಬಲಗೈ ನೋಡಿಕೊಂಡ.

"ನಾ ನೋಡದೇ ಸಹಿ ಮಾಡಿದ ಚೀಟಿ ಎಲ್ಲೂ ಒಂದೂ ಉಳಿದಿರಬಾರ್ದು ಅಂತ ಬೇಡ್ಕೊಳ್ರಿ, ಆಪಾ. ಎಷ್ಟ ಮಾಡೇನಿ ನನಗ ಗೊತ್ತಿಲ್ಲ."