ಬೋರಮಾಳ ನುಂಗಿದ ಜೀವಿ

ನಮ್ಮ ಅತ್ತೆ ಬಬಲೇಶ್ವರದಿಂದ ವಿಜಯಪುರದ ದವಾಖಾನೆಗೆ ಬಂದಾಗ ಒಮ್ಮೆ, ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಯೋಗಾಲಯಕ್ಕೂ ಪಾದ ಬೆಳೆಸಿದ್ದರು. ಅಳಿಯ ಅಲ್ಲಿ ಮಾಡುವುದಾದರೂ ಏನು ಎಂಬ ಸಂಶಯ ಅವರಿಗೆ ಮದುವೆಯ ದಿನದಿಂದಲೂ ಇತ್ತು. ಸೂಕ್ಷ್ಮದರ್ಶಕದ ಕೆಳಗೆ ಬಣ್ಣ ಕೊಟ್ಟ ಸ್ಟೆಂಟರ್ ಇತ್ತು. ಹೊಂಡದ ನೀರಿನಲ್ಲಿರುವ, ಕಹಳೆಯಾಕಾರದ, ಒಂದೇ ಕೋಶದ ಜೀವಿ. ಅದರ ಕೋಶಕೇಂದ್ರ ದುಂಡಗಿರುವುದಿಲ್ಲ. ಮೈಯುದ್ದಕ್ಕೂ ಮಣಿ ಪೋಣಿಸಿದಂತೆ ಇಳಿದಿರುತ್ತದೆ.

ಅತ್ತೆ ಒಂದು ಕಣ್ಣು ಮುಚ್ಚಿ ನೋಡಿ, ಕೊರಳಿನ ಬಂಗಾರದ ಮಣಿಸರ ಮುಟ್ಟಿಕೊಂಡರು. "ಇದೇನ್ರಿ ಅಳಿಯಂದ್ರ, ನನ್ನ ಬೋರಮಾಳ ನುಂಗಿ ಕುಂತೈತಲ್ಲ."

ಅಂದಿನಿಂದ ನಮ್ಮ ವಿಭಾಗದಲ್ಲಿ ಆ ಜೀವಿಗೆ ಬೋರಮಾಳವೆಂದೇ ನಾಮಕರಣವಾಯಿತು. ಪರೀಕ್ಷೆಯಲ್ಲೂ ಹಾಗೇ ಬರೆದ ಪುಣ್ಯಾತ್ಮರಿದ್ದರು. ನಾನು ಅಂಕ ಕೊಟ್ಟೆ.

ಹೋದ ವರ್ಷ ಅತ್ತೆ ತೀರಿಕೊಂಡರು. ಸರ ಒಂದು, ಹೆಣ್ಣುಮಕ್ಕಳು ಇಬ್ಬರು. ಇಬ್ರಾಹಿಂಪುರದ ನಮ್ಮ ಮನೆಯಲ್ಲಿ ನನ್ನ ಹೆಂಡತಿಯೂ ತಿಕೋಟಾಕ್ಕೆ ಕೊಟ್ಟ ಅವಳ ತಂಗಿಯೂ ಸರವನ್ನು ನಡುವೆ ಇಟ್ಟುಕೊಂಡು ಕೂತರು. ಕರಗಿಸಿ ಎರಡು ಮಾಡಿಸೋಣ ಎಂದಳು ತಂಗಿ.

"ಕರಗಿಸಿದ್ರ ಅದರಾಗ ಅವ್ವ ಎಲ್ಲಿ ಉಳೀತಾಳ?" ಎಂದಳು ನನ್ನ ಹೆಂಡತಿ.

ಇಂಥ ಹೊತ್ತಿನಲ್ಲಿ ಶಾಸ್ತ್ರ ಸುಮ್ಮನಿರಬಾರದು. ಗಂಟಲು ಸರಿಪಡಿಸಿಕೊಂಡು ಸ್ಟೆಂಟರ್ ಎರಡಾಗುವ ಬಗೆಯನ್ನು ವಿವರಿಸಿದೆ. ಮೊದಲು ಮೈಯ ಪಕ್ಕದಲ್ಲಿ ಎರಡನೆಯ ಬಾಯಿ ಮೂಡುತ್ತದೆ. ಆಮೇಲೆ ಮಣಿಗಳೆಲ್ಲ ಕೂಡಿ ಒಂದೇ ಉಂಡೆಯಾಗುತ್ತವೆ. ಉಂಡೆ ಮತ್ತೆ ಉದ್ದಕ್ಕೆ ಚಾಚಿ, ಎರಡು ಪಾಲಾಗಿ, ಎರಡೂ ಮೈಗಳಲ್ಲಿ ಹೊಸದಾಗಿ ಮಣಿಗಟ್ಟುತ್ತದೆ. ಯಾವಾಗ ಕೂಡಬೇಕು, ಯಾವಾಗ ಮಣಿಯಾಗಬೇಕು ಎಂಬುದರಲ್ಲಿ ಕೇಂದ್ರದ ದರ್ಬಾರು ನಡೆಯುವುದಿಲ್ಲ. ಕೋಶದ ಮೈ ಹೇಳಿದಂತೆ ಅದು ಕೇಳಬೇಕು.

"ಅಂದರ, ಸರಕ್ಕ ಆಕಾರ ಕೊಡೂದು ಕೊರಳು" ಎಂದು ಉಪಸಂಹಾರ ಮಾಡಿದೆ.

"ಮುಗೀತ್ರಿ ಪಾಠ?" ಎಂದಳು ಹೆಂಡತಿ.

ತಂಗಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಮೆಲ್ಲಗೆ ಸರ ಎತ್ತಿ ಗಂಟು ಹುಡುಕಿದಳು. "ಮಾಮಾ, ನಿಮ್ಮ ಜೀವಿಗೆ ದಾರ ಇಲ್ಲ, ಪಾಪ. ಇದಕ್ಕೈತಿ. ಕರಗಸೂದು ಬ್ಯಾಡ, ಬಿಚ್ಚೂಣು."

ತಟ್ಟೆಯಲ್ಲಿ ಮಣಿಗಳು ಎರಡು ಪಾಲಾದವು. ಒಂದು ಮಣಿ ಉಳಿಯಿತು.

"ನೀ ಇಟ್ಕೋ, ಸಣ್ಣಾಕಿ."

"ನೀನ ಇಟ್ಕೋ ಬೇ ಅಕ್ಕಾ. ಅವ್ವನ ಸೇವಾ ಮಾಡಿದಾಕಿ ನೀನ."

ಇಂಥ ತಕರಾರು ಬರಬಾರದೆಂದೇ ಸ್ಟೆಂಟರ್ ಮೊದಲು ಉಂಡೆ ಕಟ್ಟುತ್ತದೆ ಎನ್ನಲು ಬಾಯಿ ತೆರೆದೆ. ಇಬ್ಬರೂ ನನ್ನತ್ತ ನೋಡಿದರು. ಮುಚ್ಚಿದೆ.

ಅತ್ತೆಯ ಎದೆಗೆ ಇಳಿಯುತ್ತಿದ್ದ ಸರ ಈಗ ಇಬ್ಬರ ಕೊರಳಲ್ಲೂ ಗಿಡ್ಡಗೆ ಕೂತಿದೆ. ಉಳಿದ ಮಣಿ ಮಾತ್ರ ತಿಕೋಟಾ ಬಸ್ಸಿನಲ್ಲಿ ಓಡಾಡುತ್ತದೆ. ತಂಗಿ ಬಂದಾಗ ದೇವರ ಜಗಲಿಯ ಮೇಲೆ ಇಟ್ಟು ಹೋಗುತ್ತಾಳೆ. ಅಕ್ಕ ಹೋದಾಗ ಸೆರಗಿಗೆ ಕಟ್ಟಿಕೊಂಡು ಒಯ್ದು ಅಲ್ಲಿಟ್ಟು ಬರುತ್ತಾಳೆ. ಯಾವ ಮೈ ಸೇರಬೇಕೆಂದು ಅದಕ್ಕಿನ್ನೂ ಯಾರೂ ಹೇಳಿಲ್ಲ.