ಮೆಣಸಿನಕಾಯಿಯ ಘಾಟು, ಆಡಿನ ಸೀನು

ಇವತ್ತು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ನೀವು ಮೊಮ್ಮಕ್ಕಳೆಲ್ಲ "ಆಯಿ, ಕಿಟಕಿ ತಗಿ!" ಎಂದು ಕೆಮ್ಮುತ್ತ, ಸೀನುತ್ತ ಕೂಗಿದಿರಿ. ನಾನು ತೆಗೆಯದೆ ನಿಮ್ಮ ಮೂಗುಗಳನ್ನೇ ನೋಡುತ್ತ ನಿಂತಿದ್ದೆ. "ಆಯಿಗೆ ಕಿವಿ ಕೇಳಂಗಿಲ್ಲ" ಎಂದ ದೊಡ್ಡವನು. ಕೇಳುತ್ತದೆ ಮಗನೇ. ಯಾಕೆ ತೆಗೆಯಲಿಲ್ಲ ಎಂದು ಬಾಯಿಂದ ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದಕ್ಕಾದರೂ ಒದಗಲಿ.

ಕಾಲುವೆ ಬಂದ ಮೇಲೆ ಕೆಂಭಾವಿ ಕಡೆಯ ನಮ್ಮ ಹೊಲ ಜೋಳ ಬಿಟ್ಟು ಭತ್ತಕ್ಕೆ ತಿರುಗಿತು. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ನೀರಿನ ಪಾಳಿ ಬಂದಾಗಲೆಲ್ಲ ಮೊಣಕಾಲುದ್ದ ನೀರಿನಲ್ಲಿ ನಿಂತು ಬದು ಕಟ್ಟುತ್ತಿದ್ದರು. ಹಾಗೆ ನಿಂತವರಿಗೆ ಬರುವ ಕೆಮ್ಮಿಗೆ ಊರವರು ಕಾಲುವೆ ನೆಗಡಿ ಎಂದು ಹೆಸರನ್ನೇ ಇಟ್ಟಿದ್ದರು. ಕೊರೊನಾ ಬಂದ ವರ್ಷ ಅವರಿಗೆ ಜ್ವರ, ಕೆಮ್ಮು ಹಿಡಿದಾಗಲೂ ಆ ಹೆಸರು ತಯಾರಿತ್ತು. ಕೊರೊನಾ ಎಂದರೆ ಪಟ್ಟಣದ ರೋಗ ಎಂದುಕೊಂಡಿದ್ದೆವು.

ಪಕ್ಕದ ಮನೆಯ ಭೀಮವ್ವ ದೃಷ್ಟಿ ತೆಗೆಯಲು ಬಂದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಬೇಕು. ಘಾಟು ಬಂದರೆ ದೃಷ್ಟಿಯಾಗಿಲ್ಲ, ಬರದಿದ್ದರೆ ಆಗಿದೆ. ಅಂದು ಹೊಗೆ ಅಡುಗೆಮನೆ ತುಂಬಿತು. ಘಾಟು ಮಾತ್ರ ಇಲ್ಲ.

"ನೋಡಿದೇನ ತಂಗಿ? ಭತ್ತ ನೋಡಿ ಊರ ಕಣ್ಣೆಲ್ಲ ಇವನ ಮ್ಯಾಲೆ ಬಿದ್ದಾವ!"

ಅಷ್ಟರಲ್ಲಿ ಬಾಗಿಲಲ್ಲಿ ಕಟ್ಟಿದ್ದ ಆಡು ಒಂದೇ ಸಮ ಸೀನತೊಡಗಿತು.

"ಯಕ್ಕಾ, ನಮಗ ಬರಲಾರದ ಘಾಟ ಆಡಿಗ್ಯಾಂಗ ಬಂತು?"

"ಅದಕ್ಕೂ ನೆಗಡಿ ಆಗ್ಯಾದ. ಅದೂ ಕಾಲುವಿ ನೀರೇ ಕುಡೀತದಲ್ಲ!"

ಮುತ್ಯಾ ಹಾಸಿಗೆಯಿಂದಲೇ, "ಹಂಗಾದ್ರ ಅದಕ್ಕೂ ಒಂದು ದೃಷ್ಟಿ ತಗದು ಹೋಗು" ಎಂದರು. ನಕ್ಕಿದ್ದಕ್ಕೆ ಕೆಮ್ಮು ಏರಿ ಎದ್ದು ಕೂರಬೇಕಾಯಿತು.

ನನಗೆ ಆ ಸೀನು ತಲೆಯಿಂದ ಹೋಗಲಿಲ್ಲ. ಯಾರೂ ಇಲ್ಲದಾಗ ಬೆಳ್ಳುಳ್ಳಿ ಮೂಸಿದೆ, ಸೀಮೆಎಣ್ಣೆ ಮೂಸಿದೆ, ಇಂಗಿನ ಡಬ್ಬಿ ಮೂಸಿ ಅಂಗಡಿಯವನು ಕಲಬೆರಕೆ ಕೊಟ್ಟನೆಂದು ಬೈದೆ. ಮುತ್ಯಾ ಅವರನ್ನು ಕೆಂಭಾವಿಯ ದವಾಖಾನೆಗೆ ಕರೆದೊಯ್ದಾಗ ಧೈರ್ಯ ಮಾಡಿ ಆಡಿನ ಮಾತು ಎತ್ತಿದರೆ ಕಂಪೌಂಡರ್, "ಆಡಿನ ಡಾಕ್ಟರ್ ಆ ಕಡಿ ಕೂಡ್ತಾರ ನೋಡವ್ವ" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾಲುವೆ ನೆಗಡಿಗೆ ಸೂಜಿ ಹಾಕಿಸಿಕೊಂಡು ಬಂದೆವು. ಆಮೇಲೆ ಸೂಜಿಯೂ ನಡೆಯಿತು, ದೃಷ್ಟಿಯೂ ನಡೆಯಿತು, ಕಷಾಯವೂ ನಡೆಯಿತು.

ಒಂದು ಬೆಳಿಗ್ಗೆ ಅವರು ನೀರು ಕೇಳಲು ಎರಡು ಸಲ ಉಸಿರು ಎಳೆದುಕೊಂಡರು. ಟಂಟಂ ಆಟೋ ಮಾಡಿಸಿ ಶಹಾಪುರದ ಆಸ್ಪತ್ರೆಗೆ ಒಯ್ದೆವು. ಅಲ್ಲಿನ ಡಾಕ್ಟರಮ್ಮ, "ಇನ್ನೇನರ ಆಗ್ಯಾದೇನಮ್ಮ?" ಎಂದು ಕೇಳಿದಾಗ ಸೆರಗಿನೊಳಗಿಂದ ಮತ್ತೆ ಆಡಿನ ಮಾತನ್ನೇ ಹೇಳಿದೆ. ಆಕೆ ನಗಲಿಲ್ಲ. ಸ್ಪಿರಿಟ್ಟಿನ ಹತ್ತಿ ನನ್ನ ಮೂಗಿಗೆ ಹಿಡಿದಳು.

"ವಾಸನಿ ಬರ್ತದೇನು?"

"ಇಲ್ಲರಿ."

"ಘಾಟ ಎಲ್ಲೂ ಹೋಗಿಲ್ಲಮ್ಮ. ನಿಮ್ಮ ಮೂಗು ಹೋಗ್ಯಾವ."

ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿ ಕೊರೊನಾ ಎಂದರು. ಆಸ್ಪತ್ರೆಯ ಗಾಡಿಯಲ್ಲಿ ಆಕ್ಸಿಜನ್ ಹಚ್ಚಿ ಅವರನ್ನು ಯಾದಗಿರಿಗೆ ಕಳಿಸಿದರು. ಹತ್ತುವಾಗ ಅವರು ಮುಖದ ಮೇಲಿನದನ್ನು ಸರಿಸಿ, "ಆಡಿಗೆ ನೀರಿಡು" ಎಂದರು. ಅವರು ಮನೆಗೆ ತಿರುಗಿ ಬರಲಿಲ್ಲ.

ಇಷ್ಟು ತಡ ಯಾಕೆ ಮಾಡಿದಿರಿ ಎಂದು ಯಾದಗಿರಿಯಲ್ಲಿ ಕೇಳಿದ್ದರು. ನಾನು ಅದನ್ನು ಇಂದಿಗೂ ಯೋಚಿಸುತ್ತೇನೆ. ಸುಮ್ಮನೆ ಕೂತಿದ್ದರೆ ತಡವಾಗುತ್ತಿದೆ ಎಂದು ತಿಳಿಯುತ್ತಿತ್ತೇನೋ. ನಾವು ದಿನವೂ ಏನಾದರೊಂದು ಮಾಡುತ್ತಲೇ ಇದ್ದೆವು.

ನನ್ನ ಮೂಗು ಮರಳಿತು, ಭೀಮವ್ವನದೂ. ಅಂದಿನಿಂದ ಒಗ್ಗರಣೆ ಚುರ್ ಎಂದರೆ ನಾನು ಮನೆಮಂದಿಯ ಮುಖ ನೋಡುತ್ತೇನೆ. ಇವತ್ತು ನೀವೆಲ್ಲ ಸೀನಿದಿರಿ. ಚಿಕ್ಕವಳು ಮಾತ್ರ ಸುಮ್ಮನೆ ನಿಂತಿದ್ದಳು. ಸೌಟು ಬಿಟ್ಟು ಅವಳ ಬಳಿ ಹೋದೆ. ಹಣೆ ಮುಟ್ಟಿ, "ಘಾಟ ಬರವಲ್ದೇನವ್ವ ನಿನಗ?" ಎಂದೆ. ಆಕೆ ಮುಖ ಕೆಂಪಗೆ ಮಾಡಿಕೊಂಡು ಕಣ್ಣರಳಿಸಿದಳು. ಪಣ ಕಟ್ಟಿ ಉಸಿರು ಹಿಡಿದಿದ್ದಳಂತೆ! ಆಮೇಲೆ ಆಡಿಗಿಂತ ಜೋರಾಗಿ ಸೀನಿದಳು. ಆಗ ಕಿಟಕಿ ತೆರೆದೆ.